ಗೆಂಟ್ ನೋಡಿ, ಆದ್ರೆ ಮಲಗೋದು ಬ್ರೂಜ್‌ನಲ್ಲೇ

ನಮಸ್ಕಾರ. ಬೆಲ್ಜಿಯಂ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಬ್ರೂಜ್‌ಗೆ ಎರಡು ಗಂಟೆ ಸಾಕು ಸರ್, ರೂಮ್ ಗೆಂಟ್‌ನಲ್ಲಿ ಮಾಡಿ." ಅದಕ್ಕೆ ಬಿದ್ದಿರುವ ಲೈಕು ನೋಡಿದೆ. ನನ್ನ ವಿಡಿಯೋಗೇ ಅಷ್ಟು ಬಿದ್ದಿಲ್ಲ! ಹಾಗಾಗಿ ಈ ವಿಷಯ ಇವತ್ತು ಇತ್ಯರ್ಥ ಆಗಲೇಬೇಕು.

ನಾನು ಹೇಳೋದು ಒಂದೇ ಮಾತು. ಗೆಂಟ್‌ಗೆ ಹಗಲು ಹೋಗಿ ಬನ್ನಿ. ರಾತ್ರಿ ಬ್ರೂಜ್‌ನಲ್ಲಿ ಉಳಿಯಿರಿ.

ಎರಡು ಊರಿಗೂ ನಡುವೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಎರಡನ್ನೂ ನೋಡಬಹುದು. ತಲೆ ಕೆಡಿಸಿಕೊಳ್ಳಬೇಕಾದ್ದು ಮಲಗೋದು ಎಲ್ಲಿ ಅಂತ.

ಗೆಂಟ್‌ನಲ್ಲಿ ಏನಿದೆ? ಗ್ರಾವನ್‌ಸ್ಟೇನ್ ಕೋಟೆ ಇದೆ. 1180ರಲ್ಲಿ ಕೌಂಟ್ ಫಿಲಿಪ್ ಕಟ್ಟಿಸಿದ್ದು. 1949ರಲ್ಲಿ ಬಿಯರ್ ಮೇಲಿನ ತೆರಿಗೆ ಜಾಸ್ತಿ ಆಯ್ತು ಅಂತ ಕಾಲೇಜು ಹುಡುಗರು ಈ ಕೋಟೆಯೊಳಗೆ ಸೇರಿಕೊಂಡು, ಪೊಲೀಸರ ಮೇಲೆ ಕೊಳೆತ ಹಣ್ಣು ಎಸೆದಿದ್ದರು. ಹೋರಾಟ ಅಂದ್ರೆ ಅದು! ಆಮೇಲೆ ಸೇಂಟ್ ಬಾವೋ ಚರ್ಚಿನಲ್ಲಿ ವಾನ್ ಐಕ್ ಸಹೋದರರು ಮರದ ಹಲಗೆಗಳ ಮೇಲೆ ಬರೆದ ದೊಡ್ಡ ಚಿತ್ರ, 1432ರದ್ದು. ಅದರ ಒಂದು ಹಲಗೆ 1934ರಲ್ಲಿ ಕಳುವಾಗಿದ್ದು ಇವತ್ತಿಗೂ ಸಿಕ್ಕಿಲ್ಲ, ಅಲ್ಲಿರೋದು ನಕಲು. ನಡುವೆ ಇರುವ ಕುರಿಮರಿಯನ್ನು ಹತ್ತಿರದಿಂದ ನೋಡಿ. ಮೇಲೆ ಬಳಿದಿದ್ದ ಹಳೇ ಬಣ್ಣ ತೆಗೆದ ಮೇಲೆ ಅದಕ್ಕೆ ಮನುಷ್ಯರ ಮುಖ ಬಂದಿದೆ. ಕಣ್ಣು ಎರಡೂ ಮುಂದಕ್ಕೆ. ಬಾಕಿ ಕೇಳಲು ಬಂದವರ ಥರ ನೆಟ್ಟಗೆ ನಮ್ಮನ್ನೇ ನೋಡುತ್ತದೆ.

ಎಲ್ಲ ಸರಿ. ಆದರೆ ಕೋಟೆ, ಚಿತ್ರ ಎರಡಕ್ಕೂ ಸಂಜೆ ಬಾಗಿಲು ಹಾಕುತ್ತಾರೆ. ಹಗಲು ನೋಡುವುದಕ್ಕೆ ರಾತ್ರಿ ರೂಮ್ ಯಾಕ್ರೀ?

ಬ್ರೂಜ್ ಹಾಗಲ್ಲ. ಹಗಲು ಮಾರ್ಕ್ಟ್ ಚೌಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸ್ಸಿನಿಂದ ಇಳಿದವರು, ಹಡಗಿನಿಂದ ಬಂದವರು, ಬಾವುಟ ಹಿಡಿದ ಗೈಡು, ಹಿಂದೆ ಐವತ್ತು ಜನ. ಗಂಟೆ ಗೋಪುರಕ್ಕೆ 366 ಮೆಟ್ಟಿಲು, ಮೆಟ್ಟಿಲಿಗಿಂತ ಉದ್ದ ಕ್ಯೂ. ಸಂಜೆ ಆಗಲಿ, ಇವರೆಲ್ಲ ಮಾಯ. ಕಾಲುವೆಯ ದೋಣಿ ನಿಲ್ಲುತ್ತದೆ, ನೀರಿನ ಅಲುಗಾಟ ನಿಲ್ಲುತ್ತದೆ. ಗೋಪುರದ ಗಂಟೆಗಳು ಕಾಲು ಗಂಟೆಗೊಮ್ಮೆ ನುಡಿದರೆ ಪಕ್ಕದ ಓಣಿವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಎರಡು ಗಂಟೆಯ ಗಿರಾಕಿಗೆ ಇದು ಸಿಗುತ್ತಾ? ಸಿಗೋದು ವಾಫಲ್ ಮತ್ತು ನೂಕುನುಗ್ಗಲು. 2019ರಲ್ಲಿ ಊರಿನ ಮೇಯರೇ ಒಂದು ದಿನದ ಟೂರಿಗೆ ಜಾಹೀರಾತು ಬೇಡ ಅಂದುಬಿಟ್ಟರು. ಮೇಯರ್ ನನ್ನ ಕಡೆ!

(ಸಬ್‌ಸ್ಕ್ರೈಬ್ ಮಾಡಿಲ್ಲದವರು ಈಗ ಮಾಡಿ. ಮೇಯರ್‌ಗೂ ಲಿಂಕ್ ಕಳಿಸುವವನಿದ್ದೇನೆ.)

"ಬ್ರೂಜ್ ಎಲ್ಲಾ ಡೂಪ್ಲಿಕೇಟ್, ಹತ್ತೊಂಬತ್ತನೇ ಶತಮಾನದ ರಿಪೇರಿ" ಅಂತ ಇನ್ನೊಬ್ಬರು. ಅಯ್ಯೋ, ರಿಪೇರಿ ಮಾಡದೆ ಬೀಳಲು ಬಿಡಬೇಕಿತ್ತಾ? ಸಮುದ್ರದ ದಾರಿಯಾಗಿದ್ದ ಜ್ವಿನ್‌ನಲ್ಲಿ ಹೂಳು ತುಂಬಿತು, 1500ರ ಆಸುಪಾಸಿಗೆ ವ್ಯಾಪಾರ ಆಂಟ್‌ವರ್ಪ್‌ಗೆ ಹೋಯಿತು, ಬ್ರೂಜ್ ಬಡವಾಯಿತು. ಕೆಡವಿ ಹೊಸದು ಕಟ್ಟಲು ದುಡ್ಡಿರಲಿಲ್ಲ. ಅದಕ್ಕೇ ಹಳೇ ಬೀದಿಗಳು ಉಳಿದಿವೆ. ಆ ಬೀದಿಯಲ್ಲಿ ನಡೆಯೋದು ಯಾವಾಗ? ರಾತ್ರಿ!

"ಸಸ್ಯಾಹಾರಿಗಳಿಗೆ ಗೆಂಟೇ ಒಳ್ಳೇದು." ಒಪ್ಪಿದೆ. 2009ರಿಂದ ಅಲ್ಲಿ ಗುರುವಾರ ಮಾಂಸ ಬಿಡಿ ಅಂತ ಪ್ರಚಾರ ಮಾಡುತ್ತಾರೆ. ಗುರುವಾರ! ರಾಯರ ವಾರ! ಗೆಂಟ್‌ನವರಿಗೆ ಯಾರು ಹೇಳಿಕೊಟ್ಟರೋ. ಮಧ್ಯಾಹ್ನ ಅಲ್ಲೇ ಊಟ ಮಾಡಿ, ರೈಲು ಹತ್ತಿ, ಬ್ರೂಜ್‌ಗೆ ಬನ್ನಿ. ಅಂದ ಹಾಗೆ, ಎರಡೂ ಊರಲ್ಲಿ ಫ್ರೈಸ್ ತಿನ್ನುವ ಮೊದಲು ಯಾವ ಎಣ್ಣೆ ಅಂತ ಕೇಳಿ. ಹಳೇ ಪದ್ಧತಿ ಪ್ರಕಾರ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಆಮೇಲೆ ನನ್ನ ಮೇಲೆ ಬರಬೇಡಿ.

"ಬ್ರೂಜ್‌ನಲ್ಲಿ ರಾತ್ರಿ ಏನೂ ಇರಲ್ಲ." ಅದನ್ನೇ ತಾನೇ ನಾನು ಇಷ್ಟೊತ್ತು ಹೇಳ್ತಿರೋದು! ಏನೂ ಇರಲ್ಲ, ಯಾರೂ ಇರಲ್ಲ! ಬೆಂಗಳೂರಿಂದ ಅಷ್ಟು ದೂರ ಹಾರಿ ಹೋಗಿ ಹಾರ್ನ್ ಕೇಳಿಸ್ತಿಲ್ಲ ಅಂತ ಬೇಜಾರಾ?

"ಗೆಂಟ್‌ನ ರಾತ್ರಿ ದೀಪ..." ಮುಂದಿನ ಕಾಮೆಂಟ್.

"ರೂಮ್ ದುಬಾರಿ." ವೀಸಾಕ್ಕೆ, ವಿಮಾನಕ್ಕೆ ಅಷ್ಟು ಸುರಿದ ಮೇಲೆ ಇಲ್ಲಿ ಬಂದು ಲೆಕ್ಕ ಹಾಕ್ತೀರಾ? ಒಂದು ರಾತ್ರಿ ಸ್ವಾಮಿ, ಒಂದೇ ರಾತ್ರಿ! ಕಾರಣ ಇನ್ನೂ ಬೇಕಾ? ನಾನು ಹೇಳ್ತಿದ್ದೀನಲ್ಲ, ಸಾಲದಾ? ಬ್ರೂಜ್‌ನಲ್ಲಿ ಮಲಗಿ!

ಚಾನೆಲ್ ಟೀ ಶರ್ಟ್ ಲಿಂಕ್ ಕೆಳಗಿದೆ, ಈ ಸಲ ಎಕ್ಸ್‌ಎಲ್ ಸೈಜ್ ಕೂಡ ಬಂದಿದೆ. ಮುಂದಿನ ವಾರ ವಾಫಲ್ ಮೇಲೆ ಕ್ರೀಮ್ ಹಾಕಿಸಿಕೊಳ್ಳುವವರ ಸರದಿ.