ಥೈರಾಯ್ಡ್ ಆಪರೇಷನ್ ಆದ ಮೇಲೆ ಆಂಟಿಬಯೋಟಿಕ್ ಯಾಕೆ ಬರೆಯಲಿಲ್ಲ?

ಎಲ್ಲರಿಗೂ ನಮಸ್ಕಾರ.

ಥೈರಾಯ್ಡ್ ಆಪರೇಷನ್ ಮುಗಿಸಿ ಮನೆಗೆ ಹೊರಟವರು ಔಷಧಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. "ಡಾಕ್ಟ್ರೇ, ಆಂಟಿಬಯೋಟಿಕ್ ಬರೆಯೋದು ಮರೆತ್ರಾ?" ಮರೆತಿಲ್ಲ. ಬೇಕಿಲ್ಲ ಅಂತಲೇ ಬರೆದಿಲ್ಲ. ಯಾಕೆ ಬೇಕಿಲ್ಲ ಅನ್ನುವುದೇ ಇವತ್ತಿನ ಮಾತು.

ಆಪರೇಷನ್ ಗಾಯಗಳನ್ನು ನಾವು ನಾಲ್ಕು ಗುಂಪು ಮಾಡುತ್ತೇವೆ. ಮೊದಲನೆಯದು ಶುಚಿಯಾದ ಗಾಯ, ಕೊನೆಯದು ಆಗಲೇ ಕೀವು ತುಂಬಿದ ಗಾಯ. ಥೈರಾಯ್ಡ್ ಸೇರುವುದು ಮೊದಲನೇ ಗುಂಪಿಗೆ. ಕುತ್ತಿಗೆಯ ಚರ್ಮ ಕೊಯ್ದು ನೇರವಾಗಿ ಗ್ರಂಥಿಗೆ ಹೋಗುತ್ತೇವೆ. ಬಾಯಿ, ಅನ್ನನಾಳ, ಶ್ವಾಸನಾಳ ಯಾವುದನ್ನೂ ತೆರೆಯುವುದಿಲ್ಲ. ಮೇಲಾಗಿ ಕುತ್ತಿಗೆಗೆ ರಕ್ತದ ಹರಿವು ಜಾಸ್ತಿ, ಅಲ್ಲಿನ ಗಾಯ ಬೇಗ ಮಾಯುತ್ತದೆ. ಸೋಂಕು ತಗಲುವುದು ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ.

ಇಲ್ಲಿ ಥಿಯೋಡೋರ್ ಕೋಖರ್ ಅವರನ್ನು ನೆನೆಯಲೇಬೇಕು. ಸ್ವಿಟ್ಜರ್ಲೆಂಡ್‌ನ ಬರ್ನ್ ನಗರದ ಸರ್ಜನ್. ಅವರ ಮೊದಲ ವರ್ಷಗಳಲ್ಲಿ ಗಳಗಂಡದ, ಅಂದರೆ ಊದಿಕೊಂಡ ಥೈರಾಯ್ಡ್‌ನ, ಆಪರೇಷನ್ ಆದ ನೂರು ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಕೊನೆಕೊನೆಗೆ ಅದು ಒಂದಕ್ಕಿಂತ ಕಡಿಮೆಗೆ ಇಳಿಯಿತು. 1909ರಲ್ಲಿ ನೊಬೆಲ್ ಬಂತು. ಅವರು ತೀರಿಕೊಂಡದ್ದು 1917ರಲ್ಲಿ, ಪೆನಿಸಿಲಿನ್ ಅನ್ನುವ ಆಂಟಿಬಯೋಟಿಕ್ ಸಿಕ್ಕಿದ್ದು 1928ರಲ್ಲಿ! ಅವರ ಹತ್ತಿರ ಇದ್ದದ್ದು ಶುಚಿತ್ವ ಮತ್ತು ತಾಳ್ಮೆ. ಒಂದೊಂದೇ ರಕ್ತನಾಳ ಹುಡುಕಿ ಕಟ್ಟುತ್ತಿದ್ದರು. ಒಳಗೆ ನಿಂತ ರಕ್ತವೇ ಬ್ಯಾಕ್ಟೀರಿಯಾಗೆ ಊಟ ಅಲ್ವಾ?

ಹಾಗಂತ ಯಾರಿಗೂ ಬೇಡ ಅಂತ ಅಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರೋಗ ನಿರೋಧಕ ಶಕ್ತಿ ಕುಂದಿದವರು, ಕ್ಯಾನ್ಸರ್ ಹರಡಿದ್ದರಿಂದ ಕುತ್ತಿಗೆಯ ಪಕ್ಕದ ಗಂಟುಗಳನ್ನೂ ತೆಗೆಸಿಕೊಳ್ಳುವವರು, ಇವರ ಲೆಕ್ಕ ಬೇರೆ. ಗಾಯದ ಕಲೆ ಕಾಣಬಾರದು ಅಂತ ಕೆಳತುಟಿಯ ಒಳಗಿಂದ ಮಾಡುವ ಹೊಸ ವಿಧಾನವೂ ಇದೆ. ಅಲ್ಲಿ ಬಾಯಿಯ ಮೂಲಕವೇ ಹೋಗುವುದರಿಂದ ಗಾಯ ಮೊದಲನೇ ಗುಂಪಿನಲ್ಲಿ ಉಳಿಯುವುದಿಲ್ಲ. ಆಂಟಿಬಯೋಟಿಕ್ ಕೊಡುತ್ತೇವೆ.

ಆದರೆ ಕೊಡುವ ಹೊತ್ತು ಮುಖ್ಯ. 1961ರಲ್ಲಿ ಜಾನ್ ಬರ್ಕ್ ಅನ್ನುವ ಅಮೆರಿಕದ ಸರ್ಜನ್ ಗಿನಿಪಿಗ್‌ಗಳ ಚರ್ಮಕ್ಕೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಔಷಧಿ ಮೊದಲೇ ಮೈಯಲ್ಲಿದ್ದರೆ ಸೋಂಕು ತಗ್ಗಿತು. ಮೂರು ಗಂಟೆ ತಡವಾದರೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅದಕ್ಕೇ ಬೇಕಾದವರಿಗೆ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ, ಸಾಮಾನ್ಯವಾಗಿ ಸೆಫಜೋಲಿನ್ ಅನ್ನುವ ಆಂಟಿಬಯೋಟಿಕ್, ಒಂದೇ ಡೋಸ್. ಆಪರೇಷನ್ ಮುಗಿದ ಮೇಲೂ ಮುಂದುವರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಒಳಗಿನ ನೀರು, ರಕ್ತ ಹೊರಗೆ ಹರಿಯಲಿ ಅಂತ ಗಾಯದಲ್ಲಿ ನಳಿಗೆ ಇಟ್ಟಿದ್ದರೂ ಅಷ್ಟೇ. ಆದರೂ ಐದು ದಿನದ ಮಾತ್ರೆ ಬರೆಯುವ ಅಭ್ಯಾಸ ಹೋಗಿಲ್ಲ. ನನ್ನ ಪ್ರಕಾರ ಆ ಮಾತ್ರೆ ರೋಗಿಗಿಂತ ಡಾಕ್ಟರ ಸಮಾಧಾನಕ್ಕೇ ಜಾಸ್ತಿ. ಸುಮ್ನೆ ನುಂಗಿದರೆ ಏನಾಗುತ್ತೆ ಅನ್ನಬೇಡಿ. ಅಲರ್ಜಿ ಆಗಬಹುದು, ಭೇದಿ ಹಿಡಿಯಬಹುದು, ಮೈಯೊಳಗಿನ ಬ್ಯಾಕ್ಟೀರಿಯಾ ಆ ಔಷಧಿಗೆ ಜಗ್ಗದಂತೆ ಆಗಬಹುದು.

ಇನ್ನು ಮನೆಯಲ್ಲಿ ಏನು ನೋಡಬೇಕು? ಗಾಯದ ಕೆಳಗೆ ಸ್ವಲ್ಪ ಊದಿಕೊಂಡರೆ ಅದು ಕೀವೇ ಆಗಬೇಕಿಲ್ಲ. ಎಷ್ಟೋ ಸಲ ತಿಳಿ ನೀರು ನಿಂತಿರುತ್ತದೆ, ತಾನಾಗೇ ಇಂಗುತ್ತದೆ. ಕೆಂಪು ಹರಡುತ್ತಾ, ನೋವು ಏರುತ್ತಾ, ಜ್ವರ ಬಂದರೆ ಮಾತ್ರ ತಡ ಮಾಡಬೇಡಿ. ಅಪರೂಪಕ್ಕೆ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಬಹಳ ವೇಗವಾಗಿ ಎದೆಯವರೆಗೆ ಇಳಿಯುತ್ತದೆ. ಆಗ ಕೊಡುವ ಆಂಟಿಬಯೋಟಿಕ್ ಮುನ್ನೆಚ್ಚರಿಕೆ ಅಲ್ಲ, ಚಿಕಿತ್ಸೆ. ಆಪರೇಷನ್ ಆದ ಮೊದಲ ದಿನವೇ ಕುತ್ತಿಗೆ ಬಿಗಿದು ಉಸಿರು ಕಟ್ಟಿದರೆ ಅದು ಸೋಂಕೇ ಅಲ್ಲ, ಒಳಗೆ ರಕ್ತ ತುಂಬಿಕೊಳ್ಳುತ್ತಿದೆ. ಆಗ ಬೇಕಾದದ್ದು ಮಾತ್ರೆಯಲ್ಲ, ತಕ್ಷಣ ಹೊಲಿಗೆ ಬಿಚ್ಚುವ ಕೈ.