ನೀಲಿ ಬೆಳಕಿನಲ್ಲಿ ಬಾಯಿ ನೋಡುವುದು

ಎಲ್ಲರಿಗೂ ನಮಸ್ಕಾರ.

ಹೊಟ್ಟೆಯೊಳಗಿನ ಗಡ್ಡೆ ಹೊರಗೆ ಕಾಣುವುದಿಲ್ಲ. ಬಾಯಿ ಹಾಗಲ್ಲ, ಟಾರ್ಚ್ ಹಾಕಿ ‘ಆ’ ಅನ್ನಿಸಿದರೆ ಸಾಕು. ಆದರೂ ನಮ್ಮಲ್ಲಿ ಬಾಯಿ ಕ್ಯಾನ್ಸರ್ ಇರುವ ಹೆಚ್ಚಿನವರು ಆಸ್ಪತ್ರೆಗೆ ಬರುವಷ್ಟರಲ್ಲಿ ರೋಗ ಮೂರನೇ, ನಾಲ್ಕನೇ ಹಂತ ತಲುಪಿರುತ್ತದೆ. ನನಗೆ ತುಂಬ ಸಂಕಟ ಕೊಡುವ ವಿಷಯ ಇದು. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ 1.4 ಲಕ್ಷಕ್ಕೂ ಜಾಸ್ತಿ ಜನರಿಗೆ ಹೊಸದಾಗಿ ಈ ಕಾಯಿಲೆ ಬಂದಿದೆ.

ತಡ ಯಾಕೆ ಆಗುತ್ತದೆ? ಶುರುವಿನಲ್ಲಿ ನೋವೇ ಇರುವುದಿಲ್ಲ. ಹೊಗೆಸೊಪ್ಪನ್ನೋ ಗುಟ್ಕಾವನ್ನೋ ಒತ್ತರಿಸಿ ಇಟ್ಟುಕೊಳ್ಳುವ ಕಡೆ, ಕೆನ್ನೆ ಮತ್ತು ವಸಡಿನ ನಡುವೆ, ಒಂದು ಬಿಳಿ ಮಚ್ಚೆ ಏಳುತ್ತದೆ. ಕೆಲವರಿಗೆ ಕೆಂಪು ಮಚ್ಚೆ. ಕೆಂಪಿನದು ಇನ್ನೂ ಅಪಾಯ. ಬರೀ ಅಡಿಕೆ ಅಗಿಯುವವರೂ ಇದರಿಂದ ಹೊರತಲ್ಲ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ನಿಂತು ಇದನ್ನು ಹೇಳುವುದು ಸುಲಭವಲ್ಲ, ಆದರೆ ಹೇಳದೆ ಇರಲಾರೆ.

ಬರಿಗಣ್ಣಿನ ತಪಾಸಣೆಗೂ ಬೆಲೆ ಇದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆದರೆ ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಯಾರನ್ನು ದೂರದ ಆಸ್ಪತ್ರೆಗೆ ಕಳಿಸಬೇಕು, ಪರೀಕ್ಷೆಗೆ ಮಚ್ಚೆಯ ಯಾವ ಜಾಗದಿಂದ ತುಂಡು ತೆಗೆಯಬೇಕು? ಬೆಳಕಿನ ತಂತ್ರಜ್ಞಾನ ನೆರವಾಗುವುದು ಇಲ್ಲಿ.

ನಡೆಯುವುದು ಹೀಗೆ. ರೋಗಿ ಬಾಯಿ ಮುಕ್ಕಳಿಸುತ್ತಾರೆ. ಕೋಣೆಯ ದೀಪ ಆರಿಸಿ, ಸುಮಾರು 405 ನ್ಯಾನೋಮೀಟರ್ ತರಂಗಾಂತರದ ನೇರಳೆ-ನೀಲಿ ಬೆಳಕನ್ನು ಕೆನ್ನೆಯ ಒಳಗೆ ಬಿಡುತ್ತೇವೆ. ಮರಳಿ ಬರುವ ನೀಲಿಯನ್ನು ಒಂದು ಫಿಲ್ಟರ್ ತಡೆಯುತ್ತದೆ. ಆಗ ಆರೋಗ್ಯವಾದ ಚರ್ಮ ತಿಳಿ ಹಸಿರಾಗಿ ಹೊಳೆಯುತ್ತದೆ. ಯಾವ ಬಣ್ಣವನ್ನೂ ಹಚ್ಚಿಲ್ಲ ನೋಡಿ, ಆ ಹೊಳಪು ಜೀವಕೋಶದ ರಾಸಾಯನಿಕಗಳದ್ದು, ಅಡಿಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳದ್ದು. ಕೋಶಗಳು ಕೆಡಲು ಶುರುವಾದ ಕಡೆ ಕೊಲಾಜನ್ ಒಡೆದಿರುತ್ತದೆ, ರಕ್ತ ಜಾಸ್ತಿ ಹರಿಯುತ್ತಿರುತ್ತದೆ. ಅಲ್ಲಿ ಹೊಳಪು ಅಡಗಿ ಕಪ್ಪು ಕಲೆ ಕಾಣುತ್ತದೆ. ಕೆಲವೊಮ್ಮೆ ಈ ಕಪ್ಪು, ಬರಿಗಣ್ಣಿಗೆ ಕಂಡ ಮಚ್ಚೆಯ ಅಂಚು ದಾಟಿಯೂ ಹರಡಿರುತ್ತದೆ. ಆಪರೇಷನ್ ಮಾಡುವವರಿಗೆ ಇದು ದೊಡ್ಡ ಸುಳಿವು.

ಕಪ್ಪಾಗಿದ್ದೆಲ್ಲ ಕ್ಯಾನ್ಸರ್ ಅಲ್ಲ. ಚೂಪು ಹಲ್ಲು ತಾಗಿ ಆದ ಗಾಯವೂ, ಊದಿಕೊಂಡ ವಸಡೂ ಕಪ್ಪಾಗಿ ಕಾಣುತ್ತವೆ. ಆಗ ಬಾಯಿ ನೋಡುವ ಚಿಕ್ಕ ಕನ್ನಡಿಯ ಹಿಂಬದಿಯಿಂದ ಮೆಲ್ಲಗೆ ಒತ್ತಿ ನೋಡುತ್ತೇವೆ. ರಕ್ತ ಸರಿದು ಹಸಿರು ಮರಳಿದರೆ ಅದು ಬಹುಶಃ ಬರೀ ಉರಿಯೂತ. ಒತ್ತಿದರೂ ಕಪ್ಪು ಹೋಗದಿದ್ದರೆ ಬಿಡುವ ಹಾಗಿಲ್ಲ.

ಇದನ್ನು ಹಳ್ಳಿಗೆ ಒಯ್ಯುವ ಕೆಲಸದಲ್ಲಿ ಬೆಂಗಳೂರಿನ ಪಾಲು ಇದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಂಡ, ನಮ್ಮ ಮಜುಂದಾರ್ ಶಾ ಆಸ್ಪತ್ರೆ ಮತ್ತು ಕೆ.ಎಲ್.ಇ. ದಂತ ಕಾಲೇಜಿನ ವೈದ್ಯರ ಜೊತೆ ಸೇರಿ, ಮಾಮೂಲಿ ಸ್ಮಾರ್ಟ್‌ಫೋನಿಗೆ ಜೋಡಿಸುವ ಸಾಧನ ಮಾಡಿತು. 2018ರಲ್ಲಿ ಅದರ ವರದಿ ಬಂತು. ಬಿಳಿ ಬೆಳಕಿನಲ್ಲಿ ಒಂದು ಚಿತ್ರ, ನೀಲಿಯಲ್ಲಿ ಒಂದು. ಬಾಯಿಯ ಮೂಲೆಗಳಿಗೆ ಬೇರೆಯೇ ಚಿಕ್ಕ ಕ್ಯಾಮೆರಾ. ಚಿತ್ರ ಇಂಟರ್ನೆಟ್ ಮೂಲಕ ದೂರದ ತಜ್ಞರಿಗೆ ಹೋಗುತ್ತದೆ, ಕಂಪ್ಯೂಟರೂ ಅದನ್ನು ಓದಿ ಅನುಮಾನ ಇದೆಯೋ ಇಲ್ಲವೋ ಹೇಳುತ್ತದೆ. ನನಗೆ ಇದರಲ್ಲಿ ತುಂಬ ಭರವಸೆ ಇದೆ. ತಜ್ಞರು ಪ್ರತಿ ಹಳ್ಳಿಗೂ ಹೋಗಲಾರರು, ಚಿತ್ರ ಅವರ ಹತ್ತಿರ ಬರಬಹುದು ಅಲ್ವಾ?

ಕೊನೆಯ ತೀರ್ಮಾನ ಮಾತ್ರ ಬಯಾಪ್ಸಿಯದೇ, ಅಂದರೆ ಮಚ್ಚೆಯ ತುಂಡು ತೆಗೆದು ಮಾಡುವ ಪರೀಕ್ಷೆಯದೇ. ತುಂಡು ತೆಗೆದರೆ ರೋಗ ಹರಡುತ್ತದೆ ಅನ್ನುವ ಹೆದರಿಕೆ ಜನರಲ್ಲಿದೆ. ಅದಕ್ಕೆ ಆಧಾರವಿಲ್ಲ. ಆ ಹೆದರಿಕೆಯಲ್ಲಿ ಕಳೆಯುವ ತಿಂಗಳುಗಳಲ್ಲೇ ರೋಗ ಕುತ್ತಿಗೆಯ ಗಂಟುಗಳಿಗೆ ಇಳಿಯುವುದು. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ತೆರೆಯಲಾಗದ ಬಾಯಿ, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ದಂತ ವೈದ್ಯರಿಗೆ ತೋರಿಸಿ. ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.