ಇಲಿ ದಪ್ಪಗಾಯಿತೇ? ಮೊದಲು ತಳಿ ಕೇಳಿ

ಕೇಳುಗರಿಗೆ ನಮಸ್ಕಾರ. ಇಲಿಯ ಬಗ್ಗೆ ಮಾತು ಎಂದ ಕೂಡಲೇ ಕೆಲವರು ಕಾಲು ಮೇಲೆತ್ತಿ ಕೂತಿರಬಹುದು. ಇಳಿಸಿ, ಪರವಾಗಿಲ್ಲ. ಇದು ಪ್ರಯೋಗಾಲಯದ ಇಲಿ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು.

ಈ ಇಲಿಗಳನ್ನು ವಾರಕ್ಕೊಮ್ಮೆ ತೂಗುವುದು ನನ್ನ ಕೆಲಸ. ಬಾಲದ ಬುಡ ಹಿಡಿದು ಎತ್ತಿ, ತಕ್ಕಡಿಯ ಮೇಲಿನ ಪ್ಲಾಸ್ಟಿಕ್ ಡಬ್ಬಿಗೆ ಬಿಡಬೇಕು. ಒಳಗೆ ಸುತ್ತು ಹೊಡೆಯುತ್ತಿದ್ದರೆ ಅಂಕಿ ನಿಲ್ಲುವುದಿಲ್ಲ. ಅದು ಮೂಲೆ ಮೂಸುತ್ತಾ ಒಂದು ಕ್ಷಣ ಸುಮ್ಮನಾದಾಗ ಟಕ್ಕನೆ ಓದಿಕೊಳ್ಳಬೇಕು. ಅಷ್ಟರಲ್ಲಿ ಉಚ್ಚೆ ಹೊಯ್ದರೆ ಅದರ ತೂಕವೂ ಸೇರಿತು ಅನ್ನಿ.

ಎರಡು ಪಂಜರ ಊಹಿಸಿಕೊಳ್ಳಿ. ಒಂದರಲ್ಲಿ ಬಿ6 ಎಂಬ ಕಪ್ಪು ಇಲಿ, ಇನ್ನೊಂದರಲ್ಲಿ ಎ-ಜೆ ಎಂಬ ಬಿಳಿ ಇಲಿ. ಎರಡಕ್ಕೂ ಒಂದೇ ಆಹಾರ: ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುವ, ಕೊಬ್ಬು ತುಂಬಿದ ಗುಳಿಗೆ. ಮಾಮೂಲಿ ಆಹಾರದಲ್ಲಿ ಸುಮಾರು 30 ಗ್ರಾಂ ತೂಗುವ ಗಂಡು ಬಿ6, ಈ ಗುಳಿಗೆ ತಿಂದು ನಾಲ್ಕೈದು ತಿಂಗಳಲ್ಲಿ 45 ಗ್ರಾಂ ಮುಟ್ಟಬಹುದು. ಬಿಳಿಯದು? ಅದೇ ಗುಳಿಗೆ ತಿಂದೂ ಹೆಚ್ಚುಕಮ್ಮಿ ತೆಳ್ಳಗೇ ಇರುತ್ತದೆ. ಹಾಗಾಗಿ ಎಷ್ಟು ತಿಂತು ಅಂತ ಕೇಳುವ ಮೊದಲು ಯಾವ ತಳಿ ಅಂತ ಕೇಳಿ.

ತಳಿ ಅಂದರೆ ಏನು? ಒಂದೇ ಸೂಲಿನ ಅಣ್ಣತಂಗಿ ಇಲಿಗಳನ್ನೇ ಕೂಡಿಸುತ್ತಾ, ಕನಿಷ್ಠ 20 ತಲೆಮಾರು ಹೀಗೇ ನಡೆಸಿದರೆ, ಕೊನೆಗೆ ಎಲ್ಲವೂ ಅವಳಿಜವಳಿಗಳಷ್ಟು ಒಂದೇ ಆಗುತ್ತವೆ. ಇಡೀ ಜೀನುಗಳ ಕಟ್ಟೇ ಒಂದು. ಅದನ್ನೇ ನಾವು ಜೀನ್ ಹಿನ್ನೆಲೆ ಅನ್ನುವುದು.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುವ ಕಥೆ. ಒಬ್ಬ ವಿದ್ಯಾರ್ಥಿ ನಮ್ಮಲ್ಲಿ ಒಂದು ಜೀನನ್ನು ಕೆಡಿಸಿದ ಇಲಿಗಳನ್ನು ಸಾಕುತ್ತಿದ್ದ. ಹೋಲಿಸಿ ನೋಡಲು ಹೊರಗಿನಿಂದ ಮಾಮೂಲಿ ಬಿ6 ಇಲಿಗಳನ್ನು ತರಿಸಿದೆವು. ವಾರ ವಾರ ತೂಕ. ನಕ್ಷೆಯಲ್ಲಿ ಎರಡು ಗುಂಪಿನ ತೂಕದ ಗೆರೆಗಳು ದೂರ ದೂರ ಹೋದವು. ನಮ್ಮ ಜೀನೇ ಬೊಜ್ಜಿಗೆ ಕಾರಣ ಅಂತ ಕುಣಿದೆವು. ಲೇಖನದ ತಲೆಬರಹವೂ ಸಿದ್ಧವಾಯಿತು! ಒಂದು ಸಂಜೆ ಪಂಜರ ಬದಲಿಸುತ್ತಿದ್ದಾಗ ಆ ಹುಡುಗ ಪಂಜರಗಳ ಮೇಲಿನ, ತಳಿಯ ಹೆಸರು ಬರೆದ ಎರಡು ಕಾರ್ಡು ಹಿಡಿದು ನಿಂತ, ನಮ್ಮ ಇಲಿಗಳದೊಂದು, ತರಿಸಿದವುಗಳದೊಂದು. "ಸರ್, ಇದರ ಕೊನೆಗೆ ಜೆ ಅಂತಿದೆ, ಅದರ ಕೊನೆಗೆ ಎನ್ ಅಂತಿದೆ. ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. 1951ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಿಂದ ಕೆಲವು ಬಿ6 ಇಲಿಗಳು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದವು. ಅವುಗಳ ಸಂತತಿ ಎನ್, ಜಾಕ್ಸನ್‌ನಲ್ಲಿ ಉಳಿದವುಗಳ ಸಂತತಿ ಜೆ. ದಾಯಾದಿಗಳು ಬೇರೆಯಾದಂತೆ. ಜೆ ಇಲಿಯಲ್ಲಿ ಎನ್‌ಎನ್‌ಟಿ ಎಂಬ ಜೀನಿನ ಒಂದು ತುಂಡೇ ಬಿದ್ದುಹೋಗಿದೆ, ಎನ್ ಇಲಿಯಲ್ಲಿ ಅದು ಸರಿಯಾಗಿದೆ. ನೋಡಲು ಎರಡೂ ಅದೇ ಕಪ್ಪು ಬಣ್ಣ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಜೀನ್ ಕೆಟ್ಟ ಮರಿ, ಕೆಡದ ಮರಿ, ಎರಡೂ ಒಂದೇ ಸೂಲಿನವು. ಒಂದೇ ತಾಯಿ, ಒಂದೇ ಪಂಜರ. ಗೆರೆಗಳು ಒಂದರ ಮೇಲೊಂದು ಕೂತುಬಿಟ್ಟವು. ನಾವು ಕುಣಿದದ್ದು ಆ ಜೀನಿಗಲ್ಲ, ತಳಿಗೆ. ತಲೆಬರಹ ಹಾಗೇ ಉಳಿಯಿತು, ಲೇಖನ ಬರಲಿಲ್ಲ. ಒಂದು ವರ್ಷ ಹೋಯಿತು, ಒಂದು ಅಕ್ಷರ ನೋಡದೆ.

ಆಮೇಲಿಂದ "ಬೊಜ್ಜಿನ ಜೀನ್ ಪತ್ತೆ" ಅಂತ ಸುದ್ದಿ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾವ ತಳಿಯಲ್ಲಿ ಪತ್ತೆ ಅಂತ ಒಂದು ಸಾಲಾದರೂ ಬರೆಯಬಾರದೇ?

ಕಥೆ ಉದ್ದವಾಯಿತು, ಕೊಟ್ಟ ಸಮಯ ಮುಗಿಯುತ್ತಾ ಬಂತು. ಜಾಕ್ಸನ್‌ನ ವಿಜ್ಞಾನಿ ಡಗ್ಲಾಸ್ ಕೋಲ್ಮನ್ ಅವರ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. 1949ರಲ್ಲಿ ಅದೇ ಜಾಕ್ಸನ್ ಪ್ರಯೋಗಾಲಯದಲ್ಲಿ ಚೆಂಡಿನಂಥ ಇಲಿ ಕಂಡಿತು. ಒಂದೇ ಜೀನ್ ಕೆಟ್ಟು, ಮಾಮೂಲಿಯ ಮೂರರಷ್ಟು ತೂಗಬಲ್ಲ ಇಲಿ. ಆ ಜೀನ್ ಕೊಡುವ, ಹಸಿವು ತಗ್ಗಿಸುವ ಹಾರ್ಮೋನೇ ಲೆಪ್ಟಿನ್. ಜೀನನ್ನು ಜೆಫ್ರಿ ಫ್ರೀಡ್ಮನ್ ತಂಡ 1994ರಲ್ಲಿ ಹಿಡಿಯಿತು. ಕೋಲ್ಮನ್ ಮತ್ತು ಜೊತೆಗಾರರು ಈ ಕೆಟ್ಟ ಜೀನನ್ನು ಎರಡು ಕಪ್ಪು ತಳಿಗಳಲ್ಲಿಟ್ಟು ನೋಡಿದರು. ಬಿ6ನಲ್ಲಿ ಇಲಿ ದಪ್ಪಗಾಯಿತು, ರಕ್ತದ ಸಕ್ಕರೆ ಸ್ವಲ್ಪ ಕಾಲ ಏರಿ ಇಳಿಯಿತು. ಅದರ ನೆಂಟ ತಳಿಯಲ್ಲಿ? ದಪ್ಪವೂ ಆಯಿತು, ಜೋರು ಸಕ್ಕರೆ ಕಾಯಿಲೆಯೂ ಹತ್ತಿ ಬೇಗ ಸತ್ತಿತು. ಕೆಟ್ಟ ಜೀನ್ ಅದೇ. ಬದಲಾದದ್ದು ತಳಿ.

ಗಂಡಿಲಿ, ಹೆಣ್ಣಿಲಿಯ ವ್ಯತ್ಯಾಸ, ಕೋಣೆಯ ಬಿಸಿ ಕಡಿಮೆಯಾದರೆ ತಿನ್ನುವುದು ಹೇಗೆ ಹೆಚ್ಚುತ್ತದೆ, ಇವನ್ನೂ ಬರೆದುಕೊಂಡು ಬಂದಿದ್ದೆ. ಆ ಹಾಳೆ ಜೇಬಿನಲ್ಲೇ ಉಳಿಯಿತು. ನಮಸ್ಕಾರ.